ಕೊಕುಹಿರ್ವ ಹೊಲಿದ ಬೀಳ್ಕೊಡುಗೆಯ ಬಟ್ಟೆ

ನಮ್ಮ ಕ್ಯಾರುಗೋಮ ಊರಿನ ಸಂತೆಬೀದಿಯಲ್ಲಿ ಕೊಕುಹಿರ್ವಳ ಹೊಲಿಗೆ ಯಂತ್ರ ಇರುವುದು ಸೀಮೆಎಣ್ಣೆ ಅಂಗಡಿಯ ಜಗುಲಿಯ ಮೇಲೆ, ನಾನು ಮೀನು ಹುರಿಯುವ ಒಲೆಗೆ ಸರಿಯಾಗಿ ಎದುರು. ವರ್ಷಗಟ್ಟಲೆಯಿಂದ ನಾವಿಬ್ಬರೂ ಎದುರುಬದುರು ಕೂತು ಊರನ್ನು ಆಡಿಕೊಳ್ಳುತ್ತಾ ಹೊಟ್ಟೆ ಹೊರೆದುಕೊಂಡಿದ್ದೇವೆ. ಅವಳ ಗಂಡ ಕಡಲಿನಂಥ ದೊಡ್ಡ ಕೆರೆಯ ಆಚೆ ದಡಕ್ಕೆ ಮೀನು ಹಿಡಿಯಲು ಹೋದವನು ಅಲ್ಲೊಬ್ಬ ಹೆಂಗಸನ್ನು ಹಿಡಿದುಕೊಂಡು ಕೂತ. ಕೊಕುಹಿರ್ವ ಅತ್ತದ್ದನ್ನು ನಾನು ನೋಡಲಿಲ್ಲ. ಅವನು ಬಿಟ್ಟುಹೋದ ಎರಡು ಷರಾಯಿಗಳನ್ನು ಬಿಚ್ಚಿ, ತಂಗಿ ಸಾಯುವಾಗ ಕೈಗೆ ಕೊಟ್ಟುಹೋದ ಮಗುವಿಗೆ ಲಂಗ ಹೊಲಿದಳು. ಆ ಮಗುವೇ ಕೆಮಿಲೆಂಬೆ. ನಮ್ಮಲ್ಲಿ ತಂಗಿಯ ಮಗಳೆಂದರೆ ತನ್ನ ಮಗಳೇ, ಅದರಲ್ಲಿ ಎರಡು ಮಾತಿಲ್ಲ.

ಊರಿನ ಹೆಂಗಸರೆಲ್ಲರ ಎದೆ, ಸೊಂಟ, ತೋಳಿನ ಅಳತೆ ಅವಳಿಗೆ ಬಾಯಿಪಾಠ. ಚರ್ಚಿನ ಮಾತೆಯರ ಸಂಘದ ಸಮವಸ್ತ್ರ ಪ್ರತಿ ಸಲವೂ ಅವಳದ್ದೇ ಕೈಯಿಂದ ಬರುತ್ತಿತ್ತು. ಹೊಸದಾಗಿ ಅಳತೆ ಕೊಡಲು ಹೋದವರಿಗೆ, "ಕೂತ್ಕೋ, ನೀನು ಹೋದ ಈಸ್ಟರಿನಿಂದ ಎರಡು ಬೆರಳು ಹೆಚ್ಚಾಗಿದ್ದೀಯ, ಮುಖ ನೋಡಿದ್ರೇ ಗೊತ್ತಾಗುತ್ತೆ," ಅನ್ನುತ್ತಿದ್ದಳು. ಬಾಯಿ ಹೀಗಿದ್ದರೂ ಭಕ್ತಿಗೆ ಕೊರತೆಯಿರಲಿಲ್ಲ. ಚರ್ಚಿನ ಪೀಠದ ಬಟ್ಟೆಗಳನ್ನು ಬಿಟ್ಟಿಯಾಗಿ ಒಗೆದು, ಇಸ್ತ್ರಿ ಮಾಡಿ, ತಲೆಯ ಮೇಲೆ ಹೊತ್ತುಕೊಂಡು ಹೋಗಿ ಕೊಡುತ್ತಿದ್ದಳು. ನಮ್ಮ ಚರ್ಚಿನ ಪಾದ್ರಿ ಫಾದರ್ ನೊವಾಟಸ್ ಎದುರಾದರೆ ದಾರಿಯ ಕೆಸರೆಂದೂ ನೋಡದೆ ಮಂಡಿಯೂರಿ ವಂದಿಸುತ್ತಿದ್ದಳು. ನಾವೆಲ್ಲ ಹಾಗೇ. ಹಿರಿಯರಿಗೆ ಮಂಡಿಯೂರದ ಹೆಂಗಸನ್ನು ನಮ್ಮಲ್ಲಿ ಹೆಂಗಸೆನ್ನುವುದಿಲ್ಲ.

ಕೆಮಿಲೆಂಬೆ ಶನಿವಾರಗಳಂದು ಫಾದರ್ ಮನೆಗೆ ಹೋಗುತ್ತಿದ್ದಳು. ಮೊದಲು ಧರ್ಮಪಾಠ, ಆಮೇಲೆ ಭಾನುವಾರಕ್ಕೆ ಹೂವು ಜೋಡಿಸುವ ಕೆಲಸ. ಹೂವಿನ ಕೆಲಸಕ್ಕೆ ಆರಿಸಿದರೆಂದರೆ ಮನೆಯವರಿಗೆ ಹೆಮ್ಮೆ. ಹೋದ ಸೆನೆನೆ ಕಾಲದಲ್ಲಿ, ಊರಿಗೆ ಊರೇ ಆ ಮಿಡತೆ ಹಿಡಿದು ರೆಕ್ಕೆ ಕಾಲು ಕೀಳುತ್ತಾ ಕೂತಿದ್ದಾಗ, ಆ ಹುಡುಗಿ ಇನ್ನು ಹೋಗುವುದಿಲ್ಲ ಎಂದು ಹಟ ಹಿಡಿದಳು. ಹುರಿದ ಸೆನೆನೆ ಎಂದರೆ ಪ್ರಾಣ ಬಿಡುವವಳು ಬೊಗಸೆ ತುಂಬ ಕೊಟ್ಟರೂ ಮುಟ್ಟಲಿಲ್ಲ. ಕೊಕುಹಿರ್ವ ಗದರಿಸಿದಳು, ಆಮೇಲೆ ಮಡಿಲಲ್ಲಿ ಕೂರಿಸಿಕೊಂಡು ಕೇಳಿದಳು. ಕೆಮಿಲೆಂಬೆ ಹೇಳಿದಳು. ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೇಳಬೇಕಾದವರ ಮುಂದೆ ಆ ಮಗು ಹೇಳಿದೆ, ಅಷ್ಟು ಸಾಕು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅವಳು ಮೊದಲು ಹೋದದ್ದು ಚರ್ಚಿಗೇ. ಮನೆಗೆ ಕಳ್ಳ ನುಗ್ಗಿದರೆ ಯಜಮಾನನಿಗೆ ಮೊದಲು ಹೇಳಬೇಕಲ್ಲವೇ, ಆ ಲೆಕ್ಕ. ಚರ್ಚಿನ ಸಮಿತಿಯ ಅಧ್ಯಕ್ಷ ನಿವೃತ್ತ ಹೆಡ್‌ಮಾಸ್ಟರ್ ರೆಸ್ಪಿಸಿಯಸ್. ಆ ಮನುಷ್ಯ ಕನ್ನಡಕ ತೆಗೆದು ಒರೆಸಿ, ಮಕ್ಕಳು ಕನಸು ಕಾಣುತ್ತವೆ, ಕಂಡ ಕನಸನ್ನು ನಿಜ ಅಂದುಕೊಳ್ಳುತ್ತವೆ, ನಾನು ಮೂವತ್ತು ವರ್ಷ ಪಾಠ ಮಾಡಿದವನು ಎಂದ. ಆಮೇಲೆ ಸಮಿತಿಯವರು ಬಾಗಿಲು ಹಾಕಿಕೊಂಡು ಜಪಮಾಲೆ ಹೇಳಿದರು. ಮಗುವಿಗಾಗಿ ಅಂದುಕೊಂಡಿರಾ? ಸೈತಾನ ನಮ್ಮ ಫಾದರ್ ಮೇಲೆ ಕಣ್ಣು ಹಾಕಿದ್ದಾನೆ, ಅವರ ಹೆಸರನ್ನು ಕಾಪಾಡು ದೇವರೇ ಎಂದು. ಬಾಗಿಲ ಹೊರಗೆ ಕೂತು ಕೊಕುಹಿರ್ವ ಅದನ್ನು ಕೊನೆತನಕ ಕೇಳಿಸಿಕೊಂಡಳು.

ಆಮೇಲೆ ಬಸ್ಸು ಹಿಡಿದು ಪೇಟೆಗೆ ಹೋಗಿ ಬಿಷಪ್ಪರ ಕಚೇರಿಯ ಮುಂದೆ ಕಾದಳು. ಅಲ್ಲಿ ಸಿಕ್ಕವರು ಬಿಷಪ್ಪರ ಬಲಗೈಯಂತಿದ್ದ ಹಿರಿಯ ಪಾದ್ರಿ, ಮೊನ್ಸಿನ್ಯೋರ್ ಎವೋಡಿಯಸ್. ಬಹಳ ಮೆತ್ತಗಿನ ಮನುಷ್ಯ. ತಾವೂ ನೊಂದಿದ್ದೇವೆ ಎಂದರು. ವಿಷಯ ಒಳಗೇ ಇರಲಿ, ಹೊರಗಿನವರಿಗೆ ನಮ್ಮನ್ನು ನಗುವುದಕ್ಕೆ ಅವಕಾಶ ಬೇಡ, ನಾವು ವಿಚಾರ ಮಾಡುತ್ತೇವೆ ಎಂದರು. ತಿಪ್ಪೆ ಸಾರಿಸುವುದನ್ನು ಇಷ್ಟು ಮೆತ್ತಗಿನ ದನಿಯಲ್ಲಿ ಮಾಡಬಹುದೆಂದು ಅವಳಿಗೆ ಅವತ್ತೇ ಗೊತ್ತಾದದ್ದು. ಮನೆಗೆ ಬಂದು, ಪೀಠದ ಬಟ್ಟೆಗಳನ್ನು ಒಗೆಯದೆ ಹಾಗೇ ಗಂಟು ಕಟ್ಟಿ ವಾಪಸು ಕಳಿಸಿಬಿಟ್ಟಳು.

ಅಷ್ಟಕ್ಕೇ ಊರು ತಿರುಗಿಬಿತ್ತು. ನಮ್ಮಲ್ಲಿ ಪ್ರತಿ ಹತ್ತು ಮನೆಗೆ ಒಂದು ಪ್ರಾರ್ಥನಾ ಕೂಟ. ವಾರಕ್ಕೊಂದು ಮನೆಯಲ್ಲಿ ಸೇರಿ ಜಪ ಮಾಡುತ್ತೇವೆ, ಜಪಕ್ಕಿಂತ ಹೆಚ್ಚಾಗಿ ಯಾರು ಬರಲಿಲ್ಲ ಎಂದು ನೋಡುತ್ತೇವೆ. ಕೂಟದ ಒಪ್ಪಿಗೆ ಇಲ್ಲದೆ ಮಗುವಿಗೆ ಜ್ಞಾನಸ್ನಾನವಿಲ್ಲ, ಸತ್ತವರಿಗೆ ಪಾದ್ರಿಯಿಲ್ಲ. ಮಾತೆಯರ ಸಂಘದ ಅಧ್ಯಕ್ಷೆ ಯುಸ್ತೆಲಾ, ಹೆಡ್‌ಮಾಸ್ಟರನ ಹೆಂಡತಿ, ತುಂಬಿದ ಕೂಟದಲ್ಲಿ ಅದನ್ನೇ ಎತ್ತಿ ಆಡಿದಳು.

"ಹೀಗೇ ಮುಂದುವರಿಸು ಕೊಕು. ನಾಳೆ ನೀನು ಸತ್ರೆ ನಿನ್ನನ್ನ ಹೂಳೋರು ಯಾರು ಅಂತ ಯೋಚನೆ ಮಾಡಿದ್ದೀಯಾ?"

"ಸತ್ತ ಮೇಲೆ ನನಗ್ಯಾಕೆ ಆ ಯೋಚನೆ ಮಾ ಯುಸ್ತೆಲಾ? ಮೂಗಿರೋರು ನೀವು. ಮೂರನೇ ದಿನಕ್ಕೆ ನೀವೇ ಓಡಿ ಬಂದು ಹೂಳ್ತೀರ."

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ, ಮುಂದಿನ ವಾರದಿಂದ ಅವಳನ್ನು ಕೂಟಕ್ಕೆ ಸೇರಿಸಲೂ ಇಲ್ಲ.

ಕೊನೆಗೆ ಅವಳು ಪೊಲೀಸ್ ಠಾಣೆಗೆ ಹೋದಳು. ಅಲ್ಲಿ ಹೆಂಗಸರು ಮಕ್ಕಳ ದೂರಿಗೆಂದೇ ಒಂದು ಮೇಜು, ಆ ಮೇಜಿಗೊಬ್ಬಳು ಪೊಲೀಸಮ್ಮ. ಅವಳು ಕೆಮಿಲೆಂಬೆಗೆ ಚಹಾ ಕುಡಿಸಿ, ನಿಧಾನವಾಗಿ ಕೇಳಿ, ಎಲ್ಲವನ್ನೂ ಬರೆದುಕೊಂಡಳು. ಅಷ್ಟು ದಿನದಲ್ಲಿ ಕೊಕುಹಿರ್ವಳನ್ನು ಬಿಟ್ಟರೆ ಆ ಮಗುವಿನ ಮಾತನ್ನು ಮಗುವಿನ ಬಾಯಿಂದಲೇ ಕೇಳಿದವಳು ಅವಳೊಬ್ಬಳೇ. ಆದರೆ ಬೀಳ್ಕೊಡುವಾಗ ಕೊಕುಹಿರ್ವಳನ್ನು ಪಕ್ಕಕ್ಕೆ ಕರೆದು ಹೇಳಿದಳು:

"ಅಕ್ಕಾ, ನಾನು ನಂಬ್ತೀನಿ. ಆದ್ರೆ ಒಂದೇ ಮಗುವಿನ ಮಾತು ಅಂದ್ರೆ ನನ್ನ ಮೇಲಿನೋರು ಫೈಲು ಮುಚ್ಚಿಬಿಡ್ತಾರೆ, ಬಿಷಪ್ಪರಿಂದ ಫೋನು ಬರೋದೂ ಬೇಕಿಲ್ಲ. ಇಂಥೋನು ಒಂದೇ ಮಗುವಿಗೆ ನಿಲ್ಲಿಸಿರಲ್ಲ. ಇನ್ನೊಬ್ಬ ತಾಯಿ ಬರ್ಲಿ. ಒಬ್ಬಳು ಬಂದ್ರೂ ಸಾಕು."

ಆ ಇನ್ನೊಬ್ಬ ತಾಯಿಯನ್ನು ಹುಡುಕಿಕೊಂಡು ಕೊಕುಹಿರ್ವ ಮನೆಮನೆ ತಿರುಗಿದಳು. ಹಿಂದೆ ಹೂವು ಜೋಡಿಸಲು ಹೋಗುತ್ತಿದ್ದ ಹುಡುಗಿಯರು ಯಾರ್ಯಾರು ಎಂದು ಊರಿಗೆಲ್ಲ ಗೊತ್ತು. ಕೆಲವರು ಬಾಗಿಲು ತೆರೆಯಲಿಲ್ಲ. ಕೆಲವರು ತೆರೆದು, ಬೇಯಿಸಿದ ಬಾಳೆಕಾಯಿ ತಟ್ಟೆಗೆ ಹಾಕಿಕೊಟ್ಟು, ನಮ್ಮ ಹುಡುಗಿಗೆ ಏನೂ ಆಗಿಲ್ಲ, ನಿನ್ನ ಪಾಪ ನಮ್ಮ ಅಂಗಳಕ್ಕೆ ತರಬೇಡ ಎಂದರು. ಏನೂ ಆಗದ ಹುಡುಗಿಯನ್ನು ರಾತ್ರೋರಾತ್ರಿ ಅಜ್ಜಿಯ ಊರಿಗೆ ಯಾಕೆ ಕಳಿಸಿದಿರಿ ಎಂದು ಕೇಳಿದರೆ ತಟ್ಟೆಯನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತಿದ್ದರು. ಅವಳು ಬಾಳೆಕಾಯಿ ತಿನ್ನದೆ ಎದ್ದು ಬರುತ್ತಿದ್ದಳು.

ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ಪೂಜೆಯ ಕೊನೆಯಲ್ಲಿ ಪ್ರಕಟಣೆ ಓದಿದರು. ಫಾದರ್ ನೊವಾಟಸ್ ಅವರ ನಿಷ್ಠಾವಂತ ಸೇವೆಯನ್ನು ಮೆಚ್ಚಿ ಬಿಷಪ್ಪರು ಅವರನ್ನು ಕೆರೆಯ ನಡುವಿನ ದ್ವೀಪದ ದೊಡ್ಡ ಚರ್ಚಿಗೆ ನೇಮಿಸಿದ್ದಾರೆ. ಆ ಚರ್ಚಿನ ಅಂಗಳದಲ್ಲೇ ಹೆಣ್ಣುಮಕ್ಕಳ ವಸತಿ ಶಾಲೆ ಇದೆ. ಅದನ್ನೂ ಹೆಮ್ಮೆಯಿಂದಲೇ ಓದಿದರು. ಇದು ಅವರ ವಿಚಾರಣೆ, ಇದು ಅವರ ತೀರ್ಪು. ಕೋಳಿಗೂಡಿಗೆ ನುಗ್ಗಿದ ಕಾಡುಬೆಕ್ಕನ್ನು ಹಿಡಿದು, ಮೈ ಸವರಿ, ಇನ್ನೂ ದೊಡ್ಡ ಕೋಳಿಗೂಡಿಗೆ ಬಿಡುವುದು. ನಾನು ಓದಿದವಳಲ್ಲ, ಆದರೆ ಇಷ್ಟು ದಡ್ಡತನಕ್ಕೆ ಎಷ್ಟು ಓದಬೇಕಾಗುತ್ತದೆ ಎಂದು ಯೋಚಿಸುತ್ತೇನೆ. ದಡ್ಡತನವೂ ಅಲ್ಲ ಅದು. ಹೇಸಿಗೆ.

ಬೀಳ್ಕೊಡುಗೆ ಮುಂದಿನ ತಿಂಗಳ ಮೊದಲ ಭಾನುವಾರ ಎಂದು ಗೊತ್ತಾಯಿತು. ಬೀಳ್ಕೊಡುಗೆಯೆಂದರೆ ನಮ್ಮಲ್ಲಿ ಬಟ್ಟೆ ಅಚ್ಚು ಹಾಕಿಸಲೇಬೇಕು. ಬಿಷಪ್ಪರ ಹಬ್ಬಕ್ಕೊಂದು, ಹೊಸ ಪಾದ್ರಿಯ ದೀಕ್ಷೆಗೊಂದು, ಪ್ರತಿಯೊಂದರಲ್ಲೂ ಅವರವರ ಮುಖ. ಈ ಸಲದ್ದು ನೀಲಿ ಕಿಟೆಂಗೆ ಬಟ್ಟೆ, ಅದರ ಮೇಲೆ ತಟ್ಟೆಯಗಲದ ವೃತ್ತಗಳಲ್ಲಿ ಫಾದರ್ ನೊವಾಟಸರ ನಗುಮುಖ, ಸುತ್ತ "ಒಳ್ಳೆಯ ಕುರುಬನಿಗೆ ನಮ್ಮ ಕೃತಜ್ಞತೆ" ಎಂಬ ಬರಹ. ಇಂಥ ಬಟ್ಟೆ ಹೊಲಿಯುವುದಕ್ಕೆ ಒಂದು ಕಟ್ಟಳೆಯಿದೆ. ಮುಖ ಎದೆಯ ಮೇಲೆ ಬರಬೇಕು, ಇಲ್ಲವೇ ಬೆನ್ನ ಮೇಲೆ. ಸೊಂಟದಿಂದ ಕೆಳಗೆ ಬರಕೂಡದು, ದೇವರ ಸೇವಕನ ಮುಖದ ಮೇಲೆ ಯಾರೂ ಕೂರಬಾರದಲ್ಲ. ಎಲ್ಲ ದರ್ಜಿಗಳೂ ಮುಖ ತಪ್ಪಿಸಿ ಕತ್ತರಿಸುವುದರಲ್ಲಿ ಅರ್ಧ ದಿನ ಕಳೆಯುತ್ತಾರೆ.

ಆ ಹೊಲಿಗೆಯನ್ನು ಸಮಿತಿಯವರು ತಂದು ಕೊಟ್ಟದ್ದು ಕೊಕುಹಿರ್ವಳಿಗೆ. ಪೇಟೆಯ ದರ್ಜಿಯನ್ನು ಬಿಟ್ಟು, ಕೂಟದಿಂದ ಹೊರಗಿಟ್ಟವಳಿಗೆ. ಎಲುಬು ಕಚ್ಚಿದ ನಾಯಿ ಬೊಗಳುವುದಿಲ್ಲ ಎಂಬ ಲೆಕ್ಕಾಚಾರ, ಇನ್ನೇನು. ಹೆಡ್‌ಮಾಸ್ಟರ್ ತಾನೇ ಬಂದು, ಹಳೆಯದನ್ನು ಮರೆಯೋಣ, ನಿನಗೂ ವರ್ಷವಿಡೀ ಉಣ್ಣುವಷ್ಟು ಕೆಲಸ ಎಂದು ಬಟ್ಟೆಯ ಮೂಟೆಗಳನ್ನು ಜಗುಲಿಯಲ್ಲಿ ಇಳಿಸಿದ. ಅವಳು ಮೂಟೆಯನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು.

"ಆಗ್ಲಿ ಮೇಷ್ಟ್ರೇ. ಅಳತೆ ಎಲ್ಲಾ ನನ್ನ ಹತ್ರ ಇದೆ. ಯಾರೂ ಬರೋದು ಬೇಡ."

ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಸಂಜೆಯೊಳಗೆ ಊರೆಲ್ಲ ಸುದ್ದಿ: ಅವಳ ಬಾಯಿಗೂ ಒಂದು ಬೆಲೆಯಿತ್ತು, ಕೊಟ್ಟಾಯಿತು. ಯುಸ್ತೆಲಾ ಬೀದಿಯಲ್ಲಿ ಅವಳನ್ನು ತಂಗೀ ಎಂದು ಕರೆಯತೊಡಗಿದಳು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ತಡೆಯಲಾರದೆ ಎದ್ದು ಹೋಗಿ, ಏನೇ ಇದು ಎಂದು ಕೇಳಿದೆ. ಅವಳು ಯಂತ್ರ ತುಳಿಯುವುದನ್ನು ನಿಲ್ಲಿಸಲೂ ಇಲ್ಲ. "ನಿನ್ನ ಮೀನು ಸೀಯ್ತಾ ಇದೆ, ಹೋಗು," ಎಂದಳು. ಅಂದು ನನಗೆ ಬಹಳ ಸಿಟ್ಟು ಬಂದಿತ್ತು.

ಬೀಳ್ಕೊಡುಗೆಯ ಹಿಂದಿನ ಸಂಜೆ ಎಲ್ಲರ ಉಡುಪುಗಳೂ ಇಸ್ತ್ರಿಯಾಗಿ, ಮಡಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಮನೆಮನೆಗೆ ಮುಟ್ಟಿದವು. ಬೆಳಿಗ್ಗೆ ಆತುರಾತುರವಾಗಿ ಉಟ್ಟುಕೊಂಡೆವು. ಎದೆಯ ಮೇಲೆ ಬರೀ ನೀಲಿ ಬಟ್ಟೆಯಿತ್ತು. ಮುಖ ಬೆನ್ನಿಗಿಟ್ಟಿರಬೇಕು ಅಂದುಕೊಂಡೆ. ನಮ್ಮ ಮನೆಗಳ ಕನ್ನಡಿಗಳು ಅಂಗೈಯಷ್ಟಿರುತ್ತವೆ, ಅದರಲ್ಲಿ ಹಲ್ಲು ನೋಡಿಕೊಳ್ಳಬಹುದು, ಹಿಂಭಾಗ ನೋಡಿಕೊಳ್ಳಲಾಗುವುದಿಲ್ಲ. ನನ್ನ ಗಂಡ ಹಿಂದಿನಿಂದ ನೋಡಿದವನು ಚಹಾ ನೆತ್ತಿಗೇರಿ ಕೆಮ್ಮಿದ, ಏನೆಂದು ಕೇಳಿದರೆ ಏನಿಲ್ಲ ಎಂದ. ಆಮೇಲೆ ಎಲ್ಲರಂತೆ ನಾನೂ ದಾರಿಯ ಕೆಂಪು ಧೂಳು ತಾಗದ ಹಾಗೆ ಹೊಸ ಉಡುಪಿನ ಮೇಲೆ ಒಂದು ಹಳೆಯ ಕಂಗಾ ವಸ್ತ್ರ ಸುತ್ತಿಕೊಂಡು ಹೊರಟೆ. ಚರ್ಚಿನ ಬಾಗಿಲಲ್ಲಿ ಅದನ್ನು ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಳ್ಳುವುದು ರೂಢಿ.

ಬಾಗಿಲಲ್ಲಿ ಬಿಚ್ಚಿದೆವು. ಮುಂದಿದ್ದವಳ ಕಂಗಾ ಜಾರಿತು. ಅವಳ ಹಿಂಬದಿಯ ಎರಡು ಗುಡ್ಡಗಳ ಮೇಲೆ ಎರಡು ಫಾದರ್ ನೊವಾಟಸ್, ಅಳತೆಗೆ ಒಂದಿಷ್ಟೂ ತಪ್ಪದೆ, ನಗುತ್ತಾ. ಅವಳ ಮುಂದಿನವಳಿಗೂ ಹಾಗೇ. ಸಾಲಿಗೆ ಸಾಲೇ ಹಾಗೆ. ಯುಸ್ತೆಲಾಳದ್ದು ಊರಿಗೇ ದೊಡ್ಡದು, ಅಲ್ಲಿ ನಾಲ್ವರು ಕೂತಿದ್ದರು, ಅವಳು ನಡೆದಂತೆಲ್ಲ ಒಬ್ಬರಿಗೊಬ್ಬರು ತಲೆದೂಗುತ್ತಿದ್ದರು. ನಾನು ಬದುಕಿನಲ್ಲಿ ಅಷ್ಟು ನಕ್ಕದ್ದಿಲ್ಲ. ಒಳಗೆ ಸ್ವಾಗತದ ಹಾಡು ಶುರುವಾಗಿತ್ತು. ಬಿಷಪ್ಪರ ಪರವಾಗಿ ಬಂದಿದ್ದ ಮೊನ್ಸಿನ್ಯೋರ್ ಪೀಠದ ಬಳಿ ನಿಂತಿದ್ದರು, ಅವರ ಪಕ್ಕದಲ್ಲಿ ಹೂಮಾಲೆ ಹಾಕಿಕೊಂಡ ಒಳ್ಳೆಯ ಕುರುಬ.

ಕೊಕುಹಿರ್ವ ಗಂಟೆಯ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ನಗುತ್ತಿರಲಿಲ್ಲ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಯುಸ್ತೆಲಾ ಮೊದಲು ಎಚ್ಚೆತ್ತುಕೊಂಡಳು. ಎಲ್ಲರೂ ಕಂಗಾ ಕಟ್ಟಿಕೊಳ್ಳಿ, ಕಟ್ಟಿಕೊಂಡೇ ಒಳಗೆ ಬನ್ನಿ ಎಂದು ಪಿಸುದನಿಯಲ್ಲಿ ಕೂಗಾಡಿದಳು. ಹೆಂಗಸರು ಗಡಬಡಿಸಿ ಕಟ್ಟಿಕೊಳ್ಳತೊಡಗಿದರು. ನಾನು ಕಟ್ಟಿಕೊಳ್ಳಲಿಲ್ಲ. ನಕ್ಕು ನಕ್ಕು ಕೈಗೆ ಗಂಟು ಹಾಕುವ ಬಲವಿರಲಿಲ್ಲ ಅಂದುಕೊಳ್ಳಿ. ಆದರೆ ನನಗೆ ಹೆಣ್ಣುಮಕ್ಕಳಿಲ್ಲ, ನನ್ನದರಿಂದ ಏನೂ ಆಗುತ್ತಿರಲಿಲ್ಲ. ಆಗ ನಮ್ಮ ಸಾಲಿನಲ್ಲಿ ಲಿಯೊಕಾಡಿಯಾ ನಿಂತಿದ್ದಳು. ಕೂಟದಲ್ಲಿ ಬಾಗಿಲ ಪಕ್ಕ ಕೂರುವವಳು, ಯಾರಾದರೂ ಜೋರಾಗಿ ಮಾತಾಡಿದರೆ ತಾನೇ ತಪ್ಪು ಮಾಡಿದಂತೆ ತಲೆ ತಗ್ಗಿಸುವವಳು. ಕೊಕುಹಿರ್ವ ಹೋದಾಗ ಬಾಗಿಲು ತೆರೆಯದ ಮನೆಗಳಲ್ಲಿ ಅವಳದ್ದೂ ಒಂದು. ಅವಳ ಕಂಗಾ ನೆಲದ ಮೇಲೆ ಬಿದ್ದಿತ್ತು, ಅವಳು ಬಗ್ಗಿ ಎತ್ತಿಕೊಳ್ಳಲಿಲ್ಲ.

"ಕಟ್ಕೊಳ್ಳೇ, ಏನು ನೋಡ್ತಾ ನಿಂತಿದ್ದೀಯ," ಎಂದಳು ಯುಸ್ತೆಲಾ.

ಲಿಯೊಕಾಡಿಯಾ ತಲೆಯೆತ್ತಿ ಅವಳನ್ನು ನೋಡಿದಳು. "ನನ್ನ ಮಗಳೂ ಶನಿವಾರ ಹೂವು ಜೋಡಿಸೋಕೆ ಹೋಗ್ತಿದ್ಲು, ಮಾ ಯುಸ್ತೆಲಾ," ಎಂದಳು.

ಅಷ್ಟೇ. ದನಿ ಎತ್ತರಿಸಲೂ ಇಲ್ಲ. ಒಳಗೆ ಹೋದಳು, ನಡುಹಾದಿಯಲ್ಲಿ ಇಡೀ ಚರ್ಚಿಗೆ ಬೆನ್ನು ತೋರಿಸುತ್ತಾ ಮುಂದಿನ ಬೆಂಚಿನವರೆಗೂ ನಡೆದಳು, ಫಾದರ್ ನೊವಾಟಸರ ಎದುರೇ ಅವರ ಮುಖದ ಮೇಲೆ ಗಟ್ಟಿಯಾಗಿ ಕೂತಳು. ಹಾಡುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಹಿಂದಿನಿಂದ ಇನ್ನೊಬ್ಬಳು ಕಂಗಾ ಬಿಚ್ಚಿದಳು, ಅವಳ ಹಿಂದೆ ಮತ್ತೊಬ್ಬಳು. ಬರೀ ನಡೆದು ಹೋಗಿ ಕೂತರು. ಪೀಠದ ಬಳಿ ಹೂಮಾಲೆ ಹಾಕಿಕೊಂಡು ನಿಂತವನಿಗೆ ಯಾರ್ಯಾರ ತಾಯಂದಿರು ಕೂತರೆಂದು ಗೊತ್ತಿತ್ತು. ಮುಖ ಬೂದಿಯಾದದ್ದು ನನಗೆ ಬಾಗಿಲಿನಿಂದಲೇ ಕಂಡಿತು. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡವನ ಮುಖ ಅದು.

ನಾನು ಕಂಬದ ಕಡೆ ತಿರುಗಿದೆ. ಕೊಕುಹಿರ್ವ ನೆಲಕ್ಕೆ ಕುಸಿದು ಕೂತು ಅಳುತ್ತಿದ್ದಳು. ಗಂಡ ಬಿಟ್ಟಾಗ ಅಳದವಳು. ಯಾರು ಮುಚ್ಚಿಕೊಳ್ಳಲ್ಲ ಅಂತ ನೋಡ್ಬೇಕಿತ್ತು ಕಣೇ, ಬಾಯಿ ಬಿಡದೋರು ಇಷ್ಟಾದ್ರೂ ಮಾಡ್ತಾರೇನೋ ಅಂತ, ಎಂದಳು ನನ್ನ ಕೈ ಹಿಡಿದು.

ಪೂಜೆ ಮುಗಿಯುವವರೆಗೂ ಕಾಯಲಿಲ್ಲ. ಲಿಯೊಕಾಡಿಯಾ ಮತ್ತು ಇನ್ನು ಮೂವರು ತಾಯಂದಿರು ಅದೇ ಉಡುಪಿನಲ್ಲಿ ಕೊಕುಹಿರ್ವಳ ಜೊತೆ ಠಾಣೆಗೆ ನಡೆದರು. ಪೊಲೀಸಮ್ಮ ಒಬ್ಬೊಬ್ಬರನ್ನೇ ಒಳಗೆ ಕರೆದು ಕೂರಿಸಿಕೊಂಡು ಬರೆದುಕೊಂಡಳು. ಮರುದಿನ ಬೆಳಿಗ್ಗೆ, ದ್ವೀಪದ ದೋಣಿಗೆ ಸಾಮಾನು ಏರಿಸುತ್ತಿದ್ದಾಗ, ಫಾದರ್ ನೊವಾಟಸರನ್ನು ಪೊಲೀಸರು ದಡದಲ್ಲೇ ಹಿಡಿದರು. ಸಾಮಾನು ದ್ವೀಪಕ್ಕೆ ಹೋಯಿತಂತೆ, ಅವರು ಹೋಗಲಿಲ್ಲ.

ಅದರ ಮರುದಿನ ನಮ್ಮ ಸಂತೆಬೀದಿಗೆ ಬಿಷಪ್ಪರ ಕಚೇರಿಯ ಬಿಳಿಯ ಕಾರು ಬಂತು. ಮೊನ್ಸಿನ್ಯೋರ್ ಎವೋಡಿಯಸ್ ಇಳಿದರು, ಡ್ರೈವರ್ ಛತ್ರಿ ಹಿಡಿದ. ಕೊಕುಹಿರ್ವ ಯಂತ್ರದ ಮುಂದಿನಿಂದ ಏಳಲಿಲ್ಲ, ಮಂಡಿಯೂರಲೂ ಇಲ್ಲ. ಅವರು ಮೆತ್ತಗಿನ ದನಿಯಲ್ಲೇ ಶುರುಮಾಡಿದರು. ಬಿಷಪ್ಪರಿಗೆ ಬಹಳ ನೋವಾಗಿದೆಯಂತೆ. ದೀಕ್ಷೆ ಪಡೆದವರ ಮುಖವನ್ನು ಅಂಥ ಜಾಗಕ್ಕೆ ಹೊಲಿಯುವುದು ಪವಿತ್ರ ಸಭೆಗೇ ಅವಮಾನವಂತೆ. ಭಾನುವಾರ ಎಲ್ಲರ ಮುಂದೆ ಕ್ಷಮೆ ಕೇಳದಿದ್ದರೆ ಇನ್ನು ಅವಳಿಗೆ ಪ್ರಸಾದವಿಲ್ಲವಂತೆ. ಉಡುಪುಗಳನ್ನೆಲ್ಲ ವಾಪಸು ತಂದು ಸುಡಬೇಕಂತೆ. ಸುಡುವುದಕ್ಕೆ ಯಾರು ಕೊಡುತ್ತಾರೆ, ನಾನು ನನ್ನದನ್ನು ಅಷ್ಟರಲ್ಲಿ ಹರಿದು ಬಾಣಲೆ ಇಳಿಸುವ ಮಸಿಬಟ್ಟೆ ಮಾಡಿಕೊಂಡಿದ್ದೆ.

ಅವರು ಹೇಳುವಷ್ಟನ್ನೂ ಅವಳು ಕೇಳಿಸಿಕೊಂಡಳು. ಸೂಜಿಗೆ ನೂಲು ಪೋಣಿಸಿ ಹಲ್ಲಿನಿಂದ ಕಡಿದಳು.

"ಮಿಡತೆ ಕಾಲದಲ್ಲಿ ನಿಮ್ಮ ಬಾಗಿಲಿಗೆ ಬಂದಿದ್ದೆ. ಕಾಫಿ ಕುಯ್ಲು ಬಂತು, ಅಲ್ಲಿತನಕ ಈ ಬೀದಿಗೆ ನಿಮ್ಮ ಕಾರು ಬರ್ಲಿಲ್ಲ. ರಸ್ತೆ ಕೆಟ್ಟಿದೆಯೇನೋ ಅಂದ್ಕೊಂಡಿದ್ದೆ. ಬಟ್ಟೆ ಮೇಲಿನ ಮುಖ ಎರಡು ಗೇಣು ಕೆಳಗಿಳಿದಿದ್ದಕ್ಕೆ ಎರಡೇ ದಿನಕ್ಕೆ ಬಂದ್ರಲ್ಲ. ರಸ್ತೆ ಚೆನ್ನಾಗೇ ಇದೆ."

ಮೊನ್ಸಿನ್ಯೋರ್ ಗಂಟಲು ಸರಿಮಾಡಿಕೊಂಡು, ಮಗುವಿಗಾಗಿ ನಾವು ಪ್ರತಿದಿನ ಪ್ರಾರ್ಥಿಸುತ್ತಿದ್ದೇವೆ ಎಂದರು.

"ಏನಂತ ಪ್ರಾರ್ಥಿಸ್ತೀರಿ? ದೇವರಿಗೆ ಯಾವ ಮಗು ಅಂತ ಗೊತ್ತಾಗ್ಬೇಕಲ್ಲ. ಅವಳ ಹೆಸರೇನು ಹೇಳಿ, ನಾನು ಭಾನುವಾರ ಬಂದು ಎಲ್ಲರ ಮುಂದೆ ಮಂಡಿಯೂರಿ ಕ್ಷಮೆ ಕೇಳ್ತೀನಿ."

ನನ್ನ ಬಾಣಲೆಯಲ್ಲಿ ಎಣ್ಣೆ ಸಿಡಿಯುತ್ತಿತ್ತು. ಮೀನು ಕೊಳ್ಳಲು ಬಂದವರು ಕೊಳ್ಳದೆ ನಿಂತರು. ಮೊನ್ಸಿನ್ಯೋರ್ ಹೆಸರು ಹೇಳಿಕೊಟ್ಟಾನೇನೋ ಎಂಬಂತೆ ಛತ್ರಿ ಹಿಡಿದು ನಿಂತಿದ್ದ ಡ್ರೈವರನ ಮುಖ ನೋಡಿದರು.